ಬಸ್ಸಿನ ಬೋರ್ಡು, ಮಳೆ ಪುಸ್ತಕ, ನಲಿ-ಕಲಿ

ಮಗಳು ಒಂದನೇ ತರಗತಿಗೆ ಸೇರಿ ಮೊದಲು ಕಲಿತ ಅಕ್ಷರ ‘ರ’. ಆಮೇಲೆ ‘ಗ’, ‘ಸ’, ‘ದ’. ‘ಅ’ ಬಂದದ್ದು ಐದನೆಯದಾಗಿ. ಅ ಆ ಇ ಈ ಎಂದು ರಾಗ ಎಳೆದು ಕಲಿತ ನಮ್ಮ ಮನೆಯ ದೊಡ್ಡವರಿಗೆ ಇದು ಒಗಟಾಗಿತ್ತು. ‘ಆ’ ಯಾವುದೆಂದು ಕೇಳಿದರೆ ತಲೆ ಅಲ್ಲಾಡಿಸುತ್ತಾಳೆ, ಆದರೆ ‘ರಸ’ ಓದುತ್ತಾಳೆ, ‘ಅರಸ’ ಓದುತ್ತಾಳೆ, ‘ಗರಗಸ’ವನ್ನೂ ಓದುತ್ತಾಳೆ! ಸರ್ಕಾರಿ ಕನ್ನಡ ಶಾಲೆಗಳ ಒಂದರಿಂದ ಮೂರನೇ ತರಗತಿಯವರೆಗೆ ನಡೆಯುವ ನಲಿ-ಕಲಿಯ ಕ್ರಮ ಇದು. ಬರೆಯಲು ಸುಲಭವಾದ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರವಿರುವ ಅಕ್ಷರಗಳು ಮೊದಲು. ನಾಲ್ಕೈದು ಅಕ್ಷರ ಕೈಗೆ ಹತ್ತಿದ ಕೂಡಲೇ ಅವುಗಳಿಂದಲೇ ಪದ. ಮುಂದಿನ ಗುಂಪು ಜ ವ ಮ ಬ ನ. ಅದೂ ಸೇರಿದರೆ ‘ಮರ’, ‘ಜನ’, ‘ಬಸವ’, ‘ಅವಸರ’. ವರ್ಣಮಾಲೆ ಬಾಯಿಪಾಠವಾಗಿ, ಕಾಗುಣಿತ ಮುಗಿದು, ಆಮೇಲೆ ಓದು ಎಂದು ಕಾಯುವ ಕೆಲಸ ಇಲ್ಲ.

ಈ ಪದ್ಧತಿ ಹುಟ್ಟಿದ್ದು ನಮ್ಮ ಕೊಡಗಿನ ಪಕ್ಕದಲ್ಲೇ. ನಾಗರಹೊಳೆ ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ, ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ಕಂಡುಬಂದ ಶಿಕ್ಷಕರು ಶುರು ಮಾಡಿದರು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಗೋಡೆಯಲ್ಲಿ ಕಲಿಕಾ ಏಣಿ, ಏಣಿಯಲ್ಲಿ ಮೈಲಿಗಲ್ಲುಗಳು, ಮೆಟ್ಟಿಲಿಗೊಂದು ಕಾರ್ಡು. ತನ್ನ ಮೆಟ್ಟಿಲು ಯಾವುದು ಎಂದು ಮಗುವಿಗೇ ಗೊತ್ತಿರುತ್ತದೆ. ಟೀಚರ್ ಸಹಾಯ ಪೂರ್ತಿ ಬೇಕಾದವರು ಒಂದು ಗುಂಪು, ಸ್ವಲ್ಪ ಬೇಕಾದವರು ಇನ್ನೊಂದು, ಗೆಳೆಯರ ಸಹಾಯದಿಂದ ಮಾಡುವವರು ಮತ್ತೊಂದು ಕಡೆ, ತಾವೇ ಮಾಡಿಕೊಳ್ಳುವವರು ಬೇರೆ ಕಡೆ. ಜ್ವರ ಬಂದು ಮಲಗಿದ್ದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗಬಹುದು. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಶಾಲೆಗೆ ಕೊಡುವ ರಜೆ, ಕಾಫಿ ಕೊಯ್ಲಿನಲ್ಲಿ ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳ ಗೈರುಹಾಜರಿ ಎಂದೇ ವರ್ಷ ಕಳೆಯುವ ಕೊಡಗಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಆದರೆ ತಂದೆತಾಯಿಗೆ ಒಂದು ತೊಡಕು ಇದೆ. “ಇವತ್ತು ಯಾವ ಪಾಠ ಆಯ್ತು?” ಎಂದು ಕೇಳಿದರೆ ಉತ್ತರವೇ ಇಲ್ಲ. ಪಕ್ಕದಲ್ಲಿ ಕೂತವಳ ಪಾಠ ಬೇರೆ, ಇವಳದ್ದು ಬೇರೆ. ಹಾಗಾಗಿ ಮೊದಲ ಪೋಷಕರ ಸಭೆಯಲ್ಲೇ ನಾನು ಟೀಚರ್ ಹತ್ತಿರ ಏಣಿ ತೋರಿಸಿ ಎಂದು ಕೇಳಿದೆ. ಮಗಳು ಈಗ ಎಲ್ಲಿದ್ದಾಳೆ, ಮುಂದಿನ ಮೆಟ್ಟಿಲು ಯಾವುದು, ಅಲ್ಲಿ ಮಕ್ಕಳು ಸಾಮಾನ್ಯವಾಗಿ ಎಲ್ಲಿ ತಡವರಿಸುತ್ತಾರೆ. ಇಷ್ಟೇ ಪ್ರಶ್ನೆ. ಟೀಚರ್ ಸಂತೋಷದಿಂದಲೇ ತೋರಿಸಿದರು. ‘ಹೇಗೆ ಓದ್ತಾಳೆ?’ ಎಂದು ಕೇಳುವವರು ಬಹಳ, ಇದನ್ನು ಕೇಳುವವರು ಕಡಿಮೆ ಎಂದರು. ಹೊರಡುವಾಗ ಅವರು ಹೇಳಿದ ಮಾತು: “ಮುಂದಿನ ಮೆಟ್ಟಿಲು ನೀವು ಹತ್ತಿಸಬೇಡಿ, ಅದು ನನ್ನ ಕೆಲಸ. ಹತ್ತಿದ ಮೆಟ್ಟಿಲಲ್ಲಿ ಮನೆಯಲ್ಲಿ ಆಡ್ಲಿ.”

ನನಗೆ ಅದು ಸರಿ ಕಂಡಿತು. ನಾಲ್ಕು ಗಂಟೆಗೆ ಶಾಲೆ ಬಿಟ್ಟು ಬಂದವಳಿಗೆ ಐದಕ್ಕೆ ಮತ್ತೆ ಶಾಲೆ ತೆರೆಯುವುದು ನನ್ನಿಂದಾಗದು, ಅವಳಿಂದಲೂ ಆಗದು. ಟೀಚರ್ ಕೈಯಲ್ಲಿ ಕಾರ್ಡು ಇದೆ, ತರಬೇತಿ ಇದೆ, ಅದೇ ವಯಸ್ಸಿನ ಹತ್ತು ಮಕ್ಕಳಿದ್ದಾರೆ. ನಮ್ಮ ಕೈಯಲ್ಲಿ ಇರುವುದು ಬೇರೆ. ಒಂದೇ ಮಗುವಿಗೆ ಕೊಡಬಹುದಾದ ಗಮನ, ಮನೆಮಾತು, ನಿಜವಾದ ಲೆಕ್ಕ, ಓದದಿದ್ದರೆ ಕೆಲಸ ಕೆಡುವಂಥ ನಿಜವಾದ ಓದು. ಶಾಲೆ ಕೊಡಲಾಗದ್ದನ್ನು ಮಾತ್ರ ಮನೆ ಕೊಟ್ಟರೆ ಸಾಕು ಎಂಬ ತೀರ್ಮಾನಕ್ಕೆ ಬಂದೆವು. ಅಜ್ಜ ಮಾತ್ರ ಒಪ್ಪಲಿಲ್ಲ. ಅವರು ಈಗಲೂ ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗಳ ಬಾಯಲ್ಲಿ ಅ ಆ ಇ ಈ ಹೇಳಿಸುತ್ತಾರೆ. ಹಾಡಿನ ಹಾಗೆ ಕಲಿತಿದ್ದಾಳೆ, ತೊಂದರೆ ಏನೂ ಆಗಿಲ್ಲ.

ನಾವಿರುವುದು ಚೆಟ್ಟಳ್ಳಿ ಕಡೆಯ ಒಂದು ಕಾಫಿ ತೋಟದ ಕ್ವಾರ್ಟರ್ಸಿನಲ್ಲಿ. ಮನೆಯವರು ತೋಟದಲ್ಲಿ ರೈಟರ್, ಅಂದರೆ ತೋಟದ ಕೆಲಸದ ಲೆಕ್ಕ ನೋಡಿಕೊಳ್ಳುವವರು. ಶಾಲೆಗೆ ಹೋಗಿಬರಲು ಬಸ್ಸೇ ಗತಿ. ಆನೆ ಓಡಾಡುವ ದಾರಿಯಾದ್ದರಿಂದ ಮಕ್ಕಳನ್ನು ಒಂಟಿಯಾಗಿ ಬಿಡುವಂತಿಲ್ಲ, ಬೆಳಿಗ್ಗೆ ಸಂಜೆ ಬಸ್‌ಸ್ಟಾಪಿನಲ್ಲಿ ನನ್ನ ಕಾವಲು ಇದ್ದೇ ಇರುತ್ತದೆ. ಬಸ್ಸು ಹೇಳಿದ ಹೊತ್ತಿಗೆ ಎಂದು ಬಂದಿದೆ? ಆ ಕಾಯುವ ಹೊತ್ತೇ ನಮ್ಮ ಓದಿನ ಹೊತ್ತಾಯಿತು.

ಎರಡನೇ ತರಗತಿಯಲ್ಲಿ ಎಲ್ಲ ಮಕ್ಕಳೂ ತಡವರಿಸುವ ಜಾಗ ಒತ್ತಕ್ಷರ. ಟೀಚರ್ ಮೊದಲೇ ಎಚ್ಚರಿಸಿದ್ದರು. ‘ಅಕ್ಕ’ ಎಂದು ಬಾಯಲ್ಲಿ ಸರಿಯಾಗಿ ಹೇಳುವ ಮಗು ಬರೆಯುವಾಗ ‘ಅಕ’ ಎಂದು ಬರೆಯುತ್ತದೆ, ಕೆಳಗಿನ ಒತ್ತನ್ನು ನೋಡುವುದೇ ಇಲ್ಲ. ನಮ್ಮ ಬಸ್ಸಿನ ಬೋರ್ಡು ನೋಡಿ: ಮಡಿಕೇರಿ – ಚೆಟ್ಟಳ್ಳಿ – ಸಿದ್ದಾಪುರ. ಮೊದಲನೆಯದರಲ್ಲಿ ಬರೀ ಕಾಗುಣಿತ, ಒತ್ತು ಇಲ್ಲ. ಎರಡನೆಯದರಲ್ಲಿ ಒಂದಲ್ಲ ಎರಡು ಒತ್ತು. ಮೂರನೆಯದರಲ್ಲಿ ಒತ್ತಿನ ಜೊತೆಗೆ ದೀರ್ಘ. ಪಠ್ಯಪುಸ್ತಕ ಮಾಡುವವರು ಕೂತು ಯೋಚಿಸಿದರೂ ಇಷ್ಟು ಸರಿಯಾಗಿ ಜೋಡಿಸಲಾರರು!

ಆಮೇಲೆ ಊರುಗಳ ಹೆಸರಿನ ಬೇಟೆಯೇ ಶುರುವಾಯಿತು. ಕೊಡಗಿನ ಊರುಗಳಿಗೆ ಒತ್ತಕ್ಷರದ ಬರವಿಲ್ಲ. ಸುಂಟಿಕೊಪ್ಪ, ಅಮ್ಮತ್ತಿ, ಕಕ್ಕಬ್ಬೆ, ಕುಟ್ಟ, ಪೊನ್ನಂಪೇಟೆ, ಗೋಣಿಕೊಪ್ಪಲು, ಚೆಯ್ಯಂಡಾಣೆ. ಇವೆಲ್ಲ ಸಜಾತೀಯ, ಅಂದರೆ ಮೇಲೆ ಯಾವ ಅಕ್ಷರವೋ ಕೆಳಗೂ ಅದೇ. ಇವು ಬಂದ ಮೇಲೆ ಒಂದು ದಿನ ನಾಪೋಕ್ಲು ಬೋರ್ಡಿನ ಬಸ್ಸು ಕಂಡಳು. “ಅಮ್ಮಾ, ಇದರಲ್ಲಿ ಕೆಳಗೆ ಬೇರೆ ಅಕ್ಷರ ಇದೆ!” ನಾನು ಏನೂ ಹೇಳಲಿಲ್ಲ. ಮರುದಿನ ಅದನ್ನು ಟೀಚರಿಗೆ ಹೇಳಿದ್ದಾಳೆ, ವಿಜಾತೀಯದ ಕಾರ್ಡು ಬರುವ ಮೊದಲೇ. ಮೂರ್ನಾಡಿನ ಅರ್ಕಾವೊತ್ತು ಮಾತ್ರ ಬಹಳ ದಿನ ಸತಾಯಿಸಿತು. ‘ನ’ ಆದ ಮೇಲೆ ಬರೆಯುವ ಚಿಹ್ನೆಯನ್ನು ‘ನ’ಕ್ಕಿಂತ ಮೊದಲು ಯಾಕೆ ಓದಬೇಕು ಎಂಬ ಅವಳ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಹಾಗೆ ಬರೆಯುವ ರೂಢಿ ಎಂದೆ. ಇನ್ನೂ ಅಕ್ಷರಗಳಲ್ಲೇ ಇರುವ ಸಣ್ಣ ಮಕ್ಕಳಿಗೂ ಒಂದು ಊರು ಇದೆ: ಕರಡ. ಕಾಗುಣಿತ ಬೇಡ, ಒತ್ತು ಬೇಡ. 1997ರಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದ ಊರು ಅದು, ಹಾಗಾಗಿ ಅಜ್ಜನ ಹಾಕಿ ಕಥೆಗಳಲ್ಲಿ ಆ ಹೆಸರು ಬರುತ್ತಲೇ ಇರುತ್ತದೆ.

ಓದಿಸುವಾಗ ಟೀಚರ್ ಹೇಳಿಕೊಟ್ಟ ಒಂದು ಅಭ್ಯಾಸ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಮಗು ತಡವರಿಸಿದಾಗ ಬಾಯಿ ಮುಚ್ಚಿಕೊಂಡಿರುವುದು. ಮನಸ್ಸಿನಲ್ಲಿ ನಿಧಾನವಾಗಿ ಐದರವರೆಗೆ ಎಣಿಸಬೇಕು. ಆಗಲೂ ಬರದಿದ್ದರೆ ಇಡೀ ಪದ ಹೇಳಿಕೊಡದೆ ಮೊದಲ ಅಕ್ಷರ ಮಾತ್ರ ಹೇಳಬೇಕು. ತಪ್ಪು ಓದಿ ಮುಂದೆ ಹೋದರೆ ವಾಕ್ಯ ಮುಗಿಯುವವರೆಗೆ ತಡೆಯಬಾರದು. ಅರ್ಥ ಕೆಟ್ಟಿದ್ದರೆ ಅವಳಿಗೇ ಗೊತ್ತಾಗಿ ಹಿಂದೆ ಬರುತ್ತಾಳೆ. ಹತ್ತರಲ್ಲಿ ಎಂಟು ಸಲ ಹಾಗೇ ಆಗುತ್ತದೆ. ಉಳಿದ ಎರಡು ಸಲ ನಾನು ಕೇಳುವುದು, “ಹಾಗಂದ್ರೆ ಎಂತ?”

ಪುಸ್ತಕಕ್ಕೆ ಪಂಚಾಯಿತಿ ಗ್ರಂಥಾಲಯ. ಶಾಲೆಗಳು ಮುಚ್ಚಿದ್ದ 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಎಷ್ಟೋ ತಂದೆತಾಯಿಗೆ ಇದು ಗೊತ್ತೇ ಇಲ್ಲ. ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರೂ ಬಂದಿದೆ. ತೆಳ್ಳಗಿನ ಚಿತ್ರಪುಸ್ತಕಗಳಲ್ಲಿ ಕೆಲವಕ್ಕೆ ಓದಿನ ಹಂತ ಯಾವುದೆಂದು ಅಚ್ಚಾಗಿಯೇ ಇರುತ್ತದೆ. ಮಗಳು ತನ್ನ ಹಂತಕ್ಕಿಂತ ಕೆಳಗಿನ ಪುಸ್ತಕ ತಂದರೆ ನಾನು ತಡೆಯುವುದಿಲ್ಲ. ಸಲೀಸಾಗಿ ಓದಿ ಮುಗಿಸುವ ಸುಖವೂ ಬೇಕಲ್ಲ! ಮಳೆಗಾಲಕ್ಕೆ ಮೊದಲು ಮಾಡಿಕೊಳ್ಳುವ ಇನ್ನೊಂದು ತಯಾರಿ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣದಿಂದ ಕನ್ನಡ ಕಥೆಗಳನ್ನು ಫೋನಿಗೆ ಇಳಿಸಿಡುವುದು. ಜುಲೈನಲ್ಲಿ ಕರೆಂಟು ಹೋದರೆ ಟವರ್ ಹೋಯಿತು, ಟವರ್ ಹೋದರೆ ನೆಟ್‌ವರ್ಕ್ ಹೋಯಿತು. ಆಮೇಲೆ ಕಥೆ ಹುಡುಕಿ ಪ್ರಯೋಜನವಿಲ್ಲ.

ಇನ್ನು ಮಳೆ. ಕೊಡಗಿನ ತೋಟಗಳಲ್ಲಿ ಮಳೆ ಅಳೆಯುವುದು ಹಳೆಯ ಪದ್ಧತಿ, ನಮ್ಮ ಲೆಕ್ಕ ಇವತ್ತಿಗೂ ಇಂಚು-ಸೆಂಟಿನಲ್ಲೇ. ನೂರು ಸೆಂಟಿಗೆ ಒಂದು ಇಂಚು. ಆಫೀಸಿನ ಮುಂದೆ ಬಯಲಿನಲ್ಲಿ ಮಳೆಮಾಪಕ ಇದೆ. ಮೇಲೆ ಆಲಿಕೆ, ಒಳಗೆ ನೀರು ತುಂಬುವ ಪಾತ್ರೆ, ಅಳೆಯಲು ಗೆರೆ ಹಾಕಿದ ಗಾಜಿನ ಗ್ಲಾಸು. ದಿನಾ ಬೆಳಿಗ್ಗೆ ಮನೆಯವರು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಎರಡನೇ ತರಗತಿಯಲ್ಲಿ ಮಗಳ ಕೆಲಸ ಗ್ಲಾಸಿನ ಗೆರೆ ಓದಿ ಅಪ್ಪನಿಗೆ ಹೇಳುವುದಷ್ಟೇ ಆಗಿತ್ತು. ಕಣ್ಣು ನೀರಿನ ಮಟ್ಟಕ್ಕೆ ಬರುವ ಹಾಗೆ ಬಗ್ಗಿ ನೋಡಬೇಕು, ಇಲ್ಲದಿದ್ದರೆ ಒಂದೆರಡು ಸೆಂಟು ಹೆಚ್ಚುಕಮ್ಮಿ. ಅದನ್ನು ಅಪ್ಪನಿಗಿಂತ ಬೇಗ ಹಿಡಿದಳು.

ಮೂರನೇ ತರಗತಿಯಲ್ಲಿ ನೂರರ ಸ್ಥಾನದ ಕೂಡುವ ಲೆಕ್ಕ ಬಂತು. ಶಾಲೆಯಲ್ಲಿ ಕಡ್ಡಿಯ ಕಟ್ಟು ಮಾಡಿಸುತ್ತಾರೆ. ಹತ್ತು ಬಿಡಿ ಕಡ್ಡಿಗೆ ಒಂದು ಕಟ್ಟು, ಹತ್ತು ಕಟ್ಟಿಗೆ ಒಂದು ನೂರು. ಮನೆಯಲ್ಲಿ ಮಳೆ ಇದೆ. ಗ್ಲಾಸು ಸಣ್ಣದು, ಜೋರು ಮಳೆಯಾದ ದಿನ ಪಾತ್ರೆಯ ನೀರನ್ನು ಹಲವು ಸಲ ಅಳೆದು ಕೂಡಿಸಲೇಬೇಕು. ನಿನ್ನೆ ಎರಡು ಇಂಚು ನಲವತ್ತು ಸೆಂಟು, ಇವತ್ತು ಒಂದು ಇಂಚು ಎಪ್ಪತ್ತೈದು ಸೆಂಟು. ಸೆಂಟು ಕೂಡಿಸಿದರೆ ನೂರ ಹದಿನೈದು. ಅದರಲ್ಲಿ ನೂರು ಸೆಂಟು ಇಂಚಿನ ಮನೆಗೆ ಹೋಯಿತು. ಒಟ್ಟು ನಾಲ್ಕು ಇಂಚು ಹದಿನೈದು ಸೆಂಟು. ಗಣಿತ ಪುಸ್ತಕದಲ್ಲಿ ಇದೇ ಲೆಕ್ಕ ರೂಪಾಯಿ-ಪೈಸೆಯಲ್ಲಿ ಬರುತ್ತದೆ. ಆದರೆ ಈಗಿನ ಮಕ್ಕಳು ಪೈಸೆ ಕಂಡಿದ್ದಾರೆಯೇ? ನನ್ನ ಮಗಳು ಅಜ್ಜಿಯ ಡಬ್ಬಿಯಲ್ಲಿ ಮಾತ್ರ ನೋಡಿದ್ದಾಳೆ. ಸೆಂಟು ಅವಳಿಗೆ ನೀರಿನ ರೂಪದಲ್ಲಿ ಕಣ್ಣಿಗೆ ಕಾಣುತ್ತದೆ. ದೊಡ್ಡವರ ಮಾತಿನಲ್ಲಿ ಜಾಗದ ಅಳತೆಯಾಗಿಯೂ ಕಿವಿಗೆ ಬೀಳುತ್ತದೆ, ಅಲ್ಲೂ ನೂರು ಸೆಂಟಿಗೆ ಒಂದು ಎಕರೆ. ಫೋನಿನ ಹವಾಮಾನದಲ್ಲಿ ಮಿಲಿಮೀಟರ್ ಕಂಡು ಗಲಿಬಿಲಿಯಾದಾಗ ಅಪ್ಪ ಸ್ಕೇಲು ತಂದು ತೋರಿಸಿದರು: ಒಂದು ಕಡೆ ಇಂಚು, ಇನ್ನೊಂದು ಕಡೆ ಮಿಲಿಮೀಟರ್, ಒಂದಿಂಚಿಗೆ ಇಪ್ಪತ್ತೈದಕ್ಕಿಂತ ತುಸು ಹೆಚ್ಚು.

ಬೇಸಿಗೆಯಲ್ಲಿ ಇದೇ ಪುಸ್ತಕ ಬೇರೆ ಲೆಕ್ಕಕ್ಕೆ ಬಂತು. ಫೆಬ್ರವರಿ-ಮಾರ್ಚ್‌ನ ಹೂಮಳೆ ಒಂದಿಂಚು ಬಿದ್ದರೆ ತೋಟದವರ ಮುಖ ಅರಳುತ್ತದೆ. ಸುಮಾರು ಎಂಟು-ಹತ್ತು ದಿನಕ್ಕೆ ಕಾಫಿ ಹೂವಾಗುತ್ತದೆ. ಮಳೆ ಬಿದ್ದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹೂವಿನ ದಿನ ಯಾವ ವಾರ ಎಂದು ಅವಳೇ ಎಣಿಸಿದಳು. ತಿಂಗಳು ದಾಟಿ ಎಣಿಸುವಾಗ ಫೆಬ್ರವರಿಗೆ ಇಪ್ಪತ್ತೆಂಟೇ ದಿನ ಎಂಬುದೂ ಜೊತೆಗೇ ತಲೆಗೆ ಹೋಯಿತು. ಮಗ್ಗಿಗೆ ನರ್ಸರಿ ಇತ್ತು. ಪಾತಿಯಲ್ಲಿ ಕಾಫಿ ಗಿಡದ ಪ್ಲಾಸ್ಟಿಕ್ ಕವರುಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಅಡ್ಡಕ್ಕೆ ಇಷ್ಟು, ಉದ್ದಕ್ಕೆ ಇಷ್ಟು. ಒಂದೊಂದೇ ಎಣಿಸಿ ಸುಸ್ತಾದವಳಿಗೆ ಗುಣಿಸುವುದರ ಲಾಭ ಯಾರೂ ವಿವರಿಸಬೇಕಾಗಲಿಲ್ಲ. ಈ ಲೆಕ್ಕವೆಲ್ಲ ಅಪ್ಪನ ಪಾಲಿನದು. ಮಕ್ಕಳ ಓದು ಅಮ್ಮನ ಕೆಲಸ ಎಂದು ಪಕ್ಕಕ್ಕೆ ಸರಿಯುವ ಗಂಡಸರಿಗೆ ಇದಕ್ಕಿಂತ ಸುಲಭದ ದಾರಿ ಸಿಗಲಾರದು, ತಾವು ದಿನಾ ಮಾಡುವ ಕೆಲಸದ ಹತ್ತಿರ ಮಗುವನ್ನು ನಿಲ್ಲಿಸಿಕೊಂಡರಾಯಿತು.

ಭಾಷೆಯ ವಿಷಯ ಸ್ವಲ್ಪ ಬೇರೆ. ನಮ್ಮ ಮನೆಮಾತು ಅರೆಭಾಷೆ. ಅವಳ ತರಗತಿಯಲ್ಲಿ ಕೊಡವ ತಕ್ಕ್ ಆಡುವವರಿದ್ದಾರೆ, ಮಲಯಾಳ, ತುಳು, ಎರವ ಭಾಷೆ ಆಡುವವರೂ ಇದ್ದಾರೆ. ಪುಸ್ತಕದ ಕನ್ನಡ ಅಲ್ಲಿ ಹೆಚ್ಚಿನವರಿಗೆ ಎರಡನೆಯ ಮಾತು. ಮನೆಯಲ್ಲೂ ಪುಸ್ತಕದ ಕನ್ನಡವನ್ನೇ ಆಡಿ ಎಂದು ನೆಂಟರಲ್ಲಿ ಕೆಲವರು ಬುದ್ಧಿ ಹೇಳಿದರು. ಟೀಚರ್ ಬೇಡ ಎಂದರು. ಮಗು ಯೋಚಿಸುವ ಮಾತನ್ನು ಕಿತ್ತುಕೊಂಡರೆ ಕಥೆ ಹೇಳುವುದನ್ನೇ ನಿಲ್ಲಿಸುತ್ತದೆ ಎಂಬುದು ಅವರ ಅನುಭವ. ನಾವು ಮಾಡಿದ್ದಿಷ್ಟು. ದಿನ ಹೇಗೆ ಹೋಯಿತೆಂದು ಅವಳು ಅರೆಭಾಷೆಯಲ್ಲಿ ಹೇಳುತ್ತಾಳೆ, ನಾನು ಒಂದಕ್ಷರ ಬದಲಿಸದೆ ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ. ಆಮೇಲೆ ಅದನ್ನು ಅವಳೇ ಓದುತ್ತಾಳೆ. ಪರರು ಬರೆದ ವಾಕ್ಯದಲ್ಲಿ ಎಡವುವ ಮಗು ತನ್ನದೇ ವಾಕ್ಯದಲ್ಲಿ ಎಡವುವುದಿಲ್ಲ, ಮುಂದೆ ಏನು ಬರುತ್ತದೆಂದು ಗೊತ್ತಿರುತ್ತದೆ. ಮರುದಿನ ಅದೇ ಸುದ್ದಿಯನ್ನು “ಟೀಚರಿಗೆ ಹೇಗೆ ಹೇಳ್ತೀಯ?” ಎಂದರೆ ಪುಸ್ತಕದ ಕನ್ನಡದಲ್ಲಿ ಬರುತ್ತದೆ. ಎರಡನ್ನೂ ಒಂದೇ ನೋಟ್‌ಬುಕ್ಕಿನ ಎದುರುಬದುರು ಪುಟದಲ್ಲಿ ಬರೆದಿಟ್ಟಿದ್ದೇವೆ. ಕೈಲ್‌ಪೊಳ್ದ್, ಹುತ್ತರಿ ಹಬ್ಬಗಳು, ಕಕ್ಕಡ ತಿಂಗಳ ಹದಿನೆಂಟನೇ ದಿನದ ಮದ್ದುಸೊಪ್ಪಿನ ಪಾಯಸ ಎಲ್ಲ ಅದರಲ್ಲಿವೆ. ಮದ್ದುಸೊಪ್ಪಿನ ಬಣ್ಣದ ಬಗ್ಗೆ ಬರೆದ ಪುಟ ಓದಿ ಅಜ್ಜಿ ನಕ್ಕದ್ದು ಬಹಳ ಹೊತ್ತಾದರೂ ನಿಲ್ಲಲಿಲ್ಲ.

ಕೊಯ್ಲಿನ ಕಾಲಕ್ಕೆ ಲೈನಿಗೆ ಅಸ್ಸಾಮಿನಿಂದ ಬಂದ ಒಂದು ಕುಟುಂಬದ ಹುಡುಗ ಇವಳ ತರಗತಿಗೇ ಸೇರಿದ. ಕನ್ನಡ ಒಂದು ಪದವೂ ಬಾರದು. ಸಂಜೆ ನಮ್ಮ ಜಗಲಿಗೆ ಬರತೊಡಗಿದ. ಶಾಲೆಯಲ್ಲಿ ಗೆಳೆಯರ ಸಹಾಯದ ಗುಂಪಿನಲ್ಲಿ ಮಾಡುವುದನ್ನೇ ಮಗಳು ಇಲ್ಲೂ ಮಾಡಿದಳು. ಸೀಮೆಸುಣ್ಣದಲ್ಲಿ ನೆಲದ ಮೇಲೆ ‘ರ’ ಬರೆದು, ಅವನ ಬೆರಳು ಹಿಡಿದು ತಿದ್ದಿಸಿ, ಥೇಟ್ ಟೀಚರ್ ದನಿಯಲ್ಲಿ “ಹಾಂ, ಈಗ ನೀನೇ!” ಎನ್ನುತ್ತಿದ್ದಳು. ಅವನು ಕಲಿತದ್ದು ಇರಲಿ, ಇವಳಿಗೆ ಆದ ಲಾಭ ನನಗೆ ಕಂಡಿತು. ತಾನು ಅರೆಬರೆ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಲು ಹೊರಟಾಗ ನಡುವೆ ನಿಂತು, ಕಾರ್ಡು ತಂದು, ಮತ್ತೆ ನೋಡಿಕೊಳ್ಳುತ್ತಿದ್ದಳು. ಕೊಯ್ಲು ಮುಗಿದ ಮೇಲೆ ಆ ಕುಟುಂಬ ಬೇರೆ ತೋಟಕ್ಕೆ ಹೋಯಿತು. ಹುಡುಗ ಯಾವ ಶಾಲೆಯ ಯಾವ ಮೆಟ್ಟಿಲಲ್ಲಿದ್ದಾನೋ.

ಟ್ಯೂಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡನೇ ತರಗತಿಯ ಮಗುವಿಗೆ ಟ್ಯೂಷನ್ ಬೇಕೆಂದು ನನಗೆ ಅನ್ನಿಸಿಲ್ಲ. ಫೋನಿನ ವಿಡಿಯೋಗಳೂ ಅಷ್ಟೇ. ನೋಡುವಾಗ ಎಲ್ಲ ಅರ್ಥವಾದ ಹಾಗೆ, ಮುಚ್ಚಿದ ಮೇಲೆ ಕೈಯಲ್ಲಿ ಏನೂ ಇಲ್ಲ. ಶಾಲೆಯಿಂದ ಕೊಟ್ಟ ಹೋಂವರ್ಕ್ ಅವಳೇ ಕೂತು ಮಾಡುತ್ತಾಳೆ, ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಲೋ ಕರಿಮೆಣಸು ಆರಿಸುತ್ತಲೋ ಇರುತ್ತೇನೆ. ತಪ್ಪಿದ್ದರೆ ತಪ್ಪಿದ್ದ ಹಾಗೇ ಹೋಗಲಿ, ಮಗು ಎಲ್ಲಿ ಎಡವುತ್ತಿದೆ ಎಂದು ಟೀಚರಿಗೆ ತಿಳಿಯಬೇಕಲ್ಲ. ಮನೆಯವರೆಲ್ಲ ತಿದ್ದಿ ಕಳಿಸಿದ ಚೆಂದದ ಹೋಂವರ್ಕ್ ನೋಡಿ ಅವರು ಯಾರನ್ನು ಯಾವ ಗುಂಪಿನಲ್ಲಿ ಕೂರಿಸಬೇಕು?

ಈಗ ಮೂರನೇ ತರಗತಿ ಮುಗಿದಿದೆ. ಓದು ಹರಿಯುತ್ತದೆ. ಬರವಣಿಗೆಯಲ್ಲಿ ಮಹಾಪ್ರಾಣ ಇನ್ನೂ ಜಾರುತ್ತದೆ. ಅರೆಭಾಷೆಯಲ್ಲಿ ನಾವು ಅದನ್ನು ಒತ್ತಿ ಹೇಳುವವರಲ್ಲ, ಅವಳ ಕಿವಿಗೆ ಬೀಳದ್ದು ಕೈಗೆ ಎಲ್ಲಿಂದ ಬರಬೇಕು. ಕೂಡುವ ಲೆಕ್ಕ ಚೆನ್ನಾಗಿದೆ. ಕಳೆಯುವಾಗ ಪಕ್ಕದ ಮನೆಯಿಂದ ದಶಕ ತರುವುದರಲ್ಲಿ, ಅದರಲ್ಲೂ ನಡುವೆ ಸೊನ್ನೆ ಇದ್ದರೆ, ಗೊಂದಲ ಉಳಿದಿದೆ. ಆಚೆ ವರ್ಷದ ಜುಲೈ ಮಳೆಯಲ್ಲಿ ಹೋದ ವರ್ಷದ್ದನ್ನು ಕಳೆದು ವ್ಯತ್ಯಾಸ ತೆಗೆಯುವ ಕೆಲಸ ಅಪ್ಪ ವಹಿಸಿದ್ದಾರೆ, ಸೊನ್ನೆ ಬಂದಲ್ಲಿ ಇಬ್ಬರೂ ಕಡ್ಡಿಯ ಕಟ್ಟು ಬಿಚ್ಚಿ ಕೂರುತ್ತಾರೆ.

ನಾಲ್ಕನೆಯ ತರಗತಿಯಿಂದ ಏಣಿ ಇಲ್ಲ, ಕಾರ್ಡು ಇಲ್ಲ. ಪಾಠಪುಸ್ತಕ, ಪ್ರಶ್ನೋತ್ತರ, ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ಪೇಟೆಯಲ್ಲಿ ಗೈಡು ಸಿಗುತ್ತದೆ ಎಂದು ನೆಂಟರೊಬ್ಬರು ಆಗಲೇ ಹೇಳಿಯಾಯಿತು. ತರುವ ಯೋಚನೆ ಇಲ್ಲ. ಜೂನ್ ತಿಂಗಳ ಸಭೆಯಲ್ಲಿ ಕೇಳಲು ಎರಡು ವಿಷಯ ಬರೆದಿಟ್ಟುಕೊಂಡಿದ್ದೇನೆ. ಒಂದು, ಉತ್ತರಗಳನ್ನು ಮಕ್ಕಳ ಸ್ವಂತ ಮಾತಿನಲ್ಲಿ ಬರೆದರೆ ಒಪ್ಪುತ್ತೀರಾ ಎಂಬುದು. ಇನ್ನೊಂದು, ಭಾಗಾಕಾರವನ್ನು ಶಾಲೆಯಲ್ಲಿ ಯಾವ ಕ್ರಮದಲ್ಲಿ ಮಾಡಿಸುತ್ತೀರಿ ಎಂಬುದು. ಮನೆಯಲ್ಲಿ ಈಗಲೇ ಅದಕ್ಕೆ ಎರಡು ಪಂಗಡವಾಗಿದೆ.